ಅಪರಿಚಿತರೊಡನೆ ವಿಡಿಯೊ ಮಾತು: ಎದುರಿನವರನ್ನು ಊಹೆಗೆ ಬಿಡದ ಸೌಜನ್ಯ

ಇಬ್ಬರು ಅಪರಿಚಿತರು ಒಂದೆಡೆ ಎದುರಾದಾಗ, ಅವರು ಬಾಯಿ ತೆರೆಯುವ ಮೊದಲೇ ಎಷ್ಟೋ ಸಂಗತಿಗಳು ತೀರ್ಮಾನವಾಗಿರುತ್ತವೆ. ದನಿ ತಗ್ಗಿಸಬೇಕೆಂಬುದನ್ನು ಗ್ರಂಥಾಲಯದ ಆವರಣವೇ ಹೇಳಿಕೊಡುತ್ತದೆ. ಪರಿಚಯ ಮಾಡಿಸಿದ ಮೂರನೆಯವರ ಮರ್ಯಾದೆಗಾದರೂ ಇಬ್ಬರು ಹದವಾಗಿ ನಡೆದುಕೊಳ್ಳುತ್ತಾರೆ. ನಾಳೆ ಇದೇ ವ್ಯಕ್ತಿ ಮತ್ತೆ ಎದುರಾಗಬಹುದೆಂಬ ಅರಿವು ನಾಲಿಗೆಯನ್ನು ಹಿಡಿತದಲ್ಲಿಡುತ್ತದೆ. ಗೊತ್ತುಗುರಿಯಿಲ್ಲದೆ ಯಾರನ್ನೋ ಯಾರಿಗೋ ಜೋಡಿಸುವ ವಿಡಿಯೊ ಚಾಟ್‌ನಲ್ಲಿ ಈ ಮೂರು ಆಧಾರಗಳೂ ಇರುವುದಿಲ್ಲ. ಇಬ್ಬರೂ ಇರುವ ಜಾಗ ಬೇರೆ ಬೇರೆ, ನಡುವೆ ಪರಿಚಯ ಮಾಡಿಸಿದವರಿಲ್ಲ, ಮತ್ತೆ ಭೇಟಿಯಾಗುವ ಸಂಭವವಂತೂ ಇಲ್ಲವೆನ್ನುವಷ್ಟು ಕಡಿಮೆ.

ಆದ್ದರಿಂದ ಬೇರೆಡೆಯ ನಡವಳಿಕೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಅದು ಅರ್ಧಕ್ಕೇ ಸಾಕಾಗುತ್ತದೆ. ಕ್ಯಾಮೆರಾ ತೋರಿಸುವುದು ಒಂದು ಚೌಕಟ್ಟಿನಷ್ಟನ್ನು ಮಾತ್ರ. ಪಕ್ಕದಲ್ಲಿ ಯಾರಿದ್ದಾರೆ, ಕರೆ ರೆಕಾರ್ಡ್ ಆಗುತ್ತಿದೆಯೇ, ಮೌನಕ್ಕೆ ಕಾರಣ ಬೇಸರವೋ ನೆಟ್‌ವರ್ಕೋ, ನೋಟ ಎತ್ತಲೋ ಹೋದದ್ದು ಅಸಡ್ಡೆಯಿಂದಲೋ ಪರದೆಯ ಮೂಲೆಯಲ್ಲಿ ಬಂದ ಸಂದೇಶದಿಂದಲೋ, ಇವೆಲ್ಲವನ್ನೂ ಎದುರಿನವರು ಊಹಿಸಬೇಕಾಗುತ್ತದೆ. ಅಪರಿಚಿತರ ಬಗ್ಗೆ ಮನುಷ್ಯರು ಮಾಡುವ ಊಹೆ ಸಾಮಾನ್ಯವಾಗಿ ಕೆಟ್ಟದ್ದರ ಕಡೆಗೇ ವಾಲುತ್ತದೆ. ಈ ಮಾಧ್ಯಮದ ಸಭ್ಯತೆಯ ಬಹುಭಾಗ ನಯವಾದ ಮಾತಿನಲ್ಲಿಲ್ಲ, ಚೌಕಟ್ಟು ಮರೆಮಾಡಿದ್ದನ್ನು ನಾವಾಗಿ ಬಾಯಿಬಿಟ್ಟು ಹೇಳುವುದರಲ್ಲಿದೆ ಎಂಬುದು ಈ ಲೇಖನದ ವಾದ.

ಇಂಥ ತಾಣಗಳ ಚರಿತ್ರೆ ದೀರ್ಘವಾದದ್ದಲ್ಲ. 2009ರ ಮಾರ್ಚ್‌ನಲ್ಲಿ 18 ವರ್ಷದ ಲೀಫ್ ಕೆ-ಬ್ರೂಕ್ಸ್ ಎಂಬ ಅಮೆರಿಕದ ತರುಣ ಒಮೆಗಲ್ ಎಂಬ ತಾಣವನ್ನು ಆರಂಭಿಸಿದಾಗ ಅದರಲ್ಲಿ ಬರೀ ಅಕ್ಷರಗಳ ಮಾತುಕತೆಯಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಮಾಸ್ಕೋದ 17 ವರ್ಷದ ವಿದ್ಯಾರ್ಥಿ ಆಂಡ್ರೆ ಟೆರ್ನೋವ್‌ಸ್ಕಿ ಆರಂಭಿಸಿದ ಚಾಟ್‌ರೂಲೆಟ್ ಮುಖಗಳನ್ನೇ ಜೋಡಿಸಿತು. ಮರುವರ್ಷ ಒಮೆಗಲ್ ಕೂಡ ವಿಡಿಯೊ ಸೇರಿಸಿಕೊಂಡಿತು. ಒಂದು ಗುಂಡಿ ಒತ್ತಿದರೆ ಯಾರೋ ಒಬ್ಬರು ಎದುರಾಗುತ್ತಾರೆ, ಇನ್ನೊಂದು ಗುಂಡಿ ಒತ್ತಿದರೆ ಮಾಯವಾಗುತ್ತಾರೆ. ಹೆಸರು ಬೇಡ, ಖಾತೆ ಬೇಡ, ಹಿಂದಿನದರ ದಾಖಲೆ ಬೇಡ. ಇಬ್ಬರು ಹದಿಹರೆಯದವರು ರೂಪಿಸಿದ ಈ ಮಾದರಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ, ಮತ್ತು ನಡತೆಯ ಹೊಣೆಯನ್ನು ಅದು ಸಂಪೂರ್ಣವಾಗಿ ಬಳಸುವವರ ಮೇಲೆ ಹೊರಿಸಿದೆ. ಅದರ ಬೆಲೆಯೂ ಸಣ್ಣದಾಗಿರಲಿಲ್ಲ. 11ನೇ ವಯಸ್ಸಿನಲ್ಲಿ ಒಮೆಗಲ್ ಮೂಲಕ ಒಬ್ಬ ಪೀಡಕನಿಗೆ ಜೋಡಿಯಾದ ಹುಡುಗಿಯೊಬ್ಬಳು ಮುಂದೆ ಹೂಡಿದ ಮೊಕದ್ದಮೆ ಇತ್ಯರ್ಥವಾದ ಬೆನ್ನಿಗೇ, 2023ರ ನವೆಂಬರ್‌ನಲ್ಲಿ, ಆ ತಾಣ ಬಾಗಿಲು ಮುಚ್ಚಿತು. ಆದರೆ ಅದೇ ಮಾದರಿಯ ಇತರ ತಾಣಗಳು ಇವೆ. ಭಾಷೆ ಕಲಿಯಲು, ಜೊತೆಯಾಗಿ ಓದಲು, ಆಟವಾಡಲು ಅಪರಿಚಿತರನ್ನು ಸೇರಿಸುವ ವೇದಿಕೆಗಳೂ ಇವೆ. ಇಲ್ಲಿ ಹೇಳುವುದು ಅವೆಲ್ಲಕ್ಕೂ ಅನ್ವಯಿಸುತ್ತದೆ.

ಅಂತರ್ಜಾಲದಲ್ಲಿ ಮನುಷ್ಯರ ಲಗಾಮು ಯಾಕೆ ಸಡಿಲಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಒಂದು ಪ್ರಬಂಧದಲ್ಲಿ ವಿಶ್ಲೇಷಿಸಿದರು. ಅನಾಮಿಕತೆ, ಕಣ್ಣಿಗೆ ಬೀಳದಿರುವುದು, ಅಧಿಕಾರದ ಗುರುತುಗಳಿಲ್ಲದಿರುವುದು ಮೊದಲಾದ ಆರು ಕಾರಣಗಳನ್ನು ಅವರು ಪಟ್ಟಿ ಮಾಡಿದ್ದಲ್ಲದೆ, ಈ ಸಡಿಲಿಕೆಗೆ ಎರಡು ಮುಖಗಳಿವೆ ಎಂದೂ ಗುರುತಿಸಿದರು: ಒಂದು ಬೈಗುಳ ಮತ್ತು ಕ್ರೌರ್ಯದ ಕಡೆಗೆ ಹೋಗುತ್ತದೆ, ಇನ್ನೊಂದು ಆಪ್ತರಲ್ಲೂ ಹೇಳದ ನೋವನ್ನು ಹೇಳಿಕೊಳ್ಳುವ ಕಡೆಗೆ. ವಿಡಿಯೊ ಚಾಟ್ ಇಲ್ಲಿ ವಿಚಿತ್ರವಾದ ಸ್ಥಾನದಲ್ಲಿದೆ. ಮುಖ ಕಾಣುವುದರಿಂದ ಅದೃಶ್ಯತೆ ಹೋಯಿತು, ಹೆಸರು ತಿಳಿಯದಿರುವುದರಿಂದ ಅನಾಮಿಕತೆ ಉಳಿಯಿತು. ಅಂದರೆ ನೋವಾಗುವುದು ಕಣ್ಣೆದುರೇ ಕಾಣುತ್ತದೆ, ನೋಯಿಸಿದವರು ಉತ್ತರಿಸಬೇಕಾಗಿಲ್ಲ. ಅದೇ ಹೊತ್ತಿಗೆ, ತಮ್ಮ ಗುಂಪಿನ ಕಟ್ಟುಗಳಿಗೆ ಒಳಪಡದವನೆಂಬ ಕಾರಣಕ್ಕೇ ಅಪರಿಚಿತನಿಗೆ ಜನ ತಮ್ಮ ಗುಟ್ಟುಗಳನ್ನು ಹೇಳುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಗೇಯೋರ್ಗ್ ಜಿಮ್ಮೆಲ್ 1908ರಷ್ಟು ಹಿಂದೆಯೇ ಗಮನಿಸಿದ್ದರು. ತಮಾಷೆಗೆಂದು ಬಂದವರ ಮುಂದೆ ಯಾರೋ ತಮ್ಮ ಬದುಕಿನ ಭಾರವನ್ನೆಲ್ಲ ಇಳಿಸತೊಡಗುವುದು ಇಲ್ಲಿ ಅಪರೂಪವಲ್ಲ. ಕೇಳಿಸಿಕೊಳ್ಳುವ ಮನಸ್ಸಿದ್ದರೆ ಕೇಳಬೇಕು. ಇಲ್ಲದಿದ್ದರೆ, 'ಇದನ್ನು ಸರಿಯಾಗಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನೀಗ ಇಲ್ಲ' ಎಂದು ಮೊದಲಲ್ಲೇ ಹೇಳುವುದು, ತಲೆಯಾಡಿಸುತ್ತ ಫೋನ್ ನೋಡುವುದಕ್ಕಿಂತ ಎಷ್ಟೋ ಮೇಲು.

ಇನ್ನು ಯಂತ್ರದ ವಿಷಯ. ನನ್ನ ಅಂದಾಜಿನಲ್ಲಿ ವಿಡಿಯೊ ಮಾತಿನಲ್ಲಿ ಒರಟುತನವೆಂದು ತೋರುವ ಸಂಗತಿಗಳಲ್ಲಿ ದೊಡ್ಡ ಪಾಲು ಒರಟುತನವೇ ಅಲ್ಲ, ಜಾಲದ ವಿಳಂಬ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ ಎಂದು ತೋರಿಸಿತು. ಭಾಷೆಯಿಂದ ಭಾಷೆಗೆ ಸ್ವಲ್ಪ ಏರುಪೇರಿದ್ದರೂ ಈ ವೇಗ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಈಗ ನಮ್ಮ ದನಿ ಎದುರಿನವರನ್ನು ತಲುಪಲು 200 ಮಿಲಿಸೆಕೆಂಡ್ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಅವರು ಎಂದಿನಂತೆ 200 ಮಿಲಿಸೆಕೆಂಡ್‌ನಲ್ಲಿ ಉತ್ತರಿಸುತ್ತಾರೆ. ಆ ಉತ್ತರ ಹಿಂದಿರುಗಲು ಮತ್ತೆ 200 ಮಿಲಿಸೆಕೆಂಡ್ ಬೇಕು. ಅವರ ಲೆಕ್ಕದಲ್ಲಿ ಅವರು ತಡ ಮಾಡಲೇ ಇಲ್ಲ, ಆದರೆ ನಮಗೆ ಕೇಳಿಸಿದ ಮೌನ 600 ಮಿಲಿಸೆಕೆಂಡ್‌ನಷ್ಟು, ಅಂದರೆ ವಾಡಿಕೆಯ ಮೂರರಷ್ಟು ಉದ್ದವಾಗಿರುತ್ತದೆ. ಒಂದೇ ಸಂಭಾಷಣೆಯನ್ನು ಇಬ್ಬರು ಎರಡು ಬೇರೆ ಲಯಗಳಲ್ಲಿ ಕೇಳುತ್ತಿರುತ್ತಾರೆ. ಆ ಮೌನವನ್ನು ತುಂಬಲು ನಾವು ಮತ್ತೆ ಬಾಯಿ ತೆರೆಯುತ್ತೇವೆ, ಅಷ್ಟರಲ್ಲಿ ಅವರ ಉತ್ತರ ಬಂದು ಅಪ್ಪಳಿಸುತ್ತದೆ, ಇಬ್ಬರೂ ನಿಲ್ಲುತ್ತಾರೆ, ಇಬ್ಬರೂ ಮತ್ತೆ ಒಟ್ಟಿಗೆ ಶುರು ಮಾಡುತ್ತಾರೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಎಂಬ ಶಿಫಾರಸು, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್‌ನ ಒಳಗಿದ್ದರೆ ಮಾತುಕತೆಗೆ ಬಹುಮಟ್ಟಿಗೆ ತೊಂದರೆಯಿಲ್ಲವೆಂದೂ ಅದು 400ನ್ನು ಮೀರಬಾರದೆಂದೂ ಹೇಳುತ್ತದೆ. ಭೂಮಿಯ ಎರಡು ತುದಿಗಳಲ್ಲಿರುವ ಇಬ್ಬರು ಮೊಬೈಲ್ ಜಾಲದ ಮೇಲೆ ಮಾತಾಡುವಾಗ 150ರ ಮಿತಿ ಸುಲಭವಾಗಿ ದಾಟಿಹೋಗುತ್ತದೆ. ಇದರಲ್ಲಿ ಕುತೂಹಲದ, ಸ್ವಲ್ಪ ನಾಚಿಕೆಯ ಸಂಗತಿಯೆಂದರೆ, ಈ ವಿಳಂಬವನ್ನು ನಾವು ಯಂತ್ರದ ಖಾತೆಗೆ ಬರೆಯುವುದಿಲ್ಲ. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 1.2 ಸೆಕೆಂಡಿನಷ್ಟು ವಿಳಂಬವಿದ್ದಾಗ ಕೇಳುಗರು ಎದುರಿನವರನ್ನು ಗಮನವಿಲ್ಲದವರು, ಅಷ್ಟೇನೂ ಸ್ನೇಹಪರರಲ್ಲದವರು ಎಂದು ಅಂದಾಜಿಸಿದರು. ತಂತಿಯ ದೋಷವನ್ನು ಮನುಷ್ಯನ ಗುಣವೆಂದು ಓದಿಕೊಂಡದ್ದು ಅದು. ಪರಿಚಿತರ ವಿಷಯದಲ್ಲಿ ಹಳೆಯ ಒಡನಾಟ ಇಂಥ ತಪ್ಪನ್ನು ತಿದ್ದುತ್ತದೆ. ಅಪರಿಚಿತರ ವಿಷಯದಲ್ಲಿ ತಿದ್ದಲು ಏನೂ ಇರುವುದಿಲ್ಲ.

ಹಾಗಾಗಿ ಇಲ್ಲಿ ಸೌಜನ್ಯವೆಂದರೆ ಮೊದಲಿಗೆ ನಿಧಾನ. ವಾಕ್ಯವನ್ನು ತೇಲಿಸಿಬಿಡದೆ ಮುಗಿಸುವುದು, ಮುಗಿಸಿದ ಮೇಲೆ 'ನೀವು ಹೇಳಿ' ಎಂದು ಸರದಿಯನ್ನು ಒಪ್ಪಿಸುವುದು, ಒಂದು ಸೆಕೆಂಡಿನಷ್ಟಾದರೂ ಕಾಯುವುದು, ಮಾತುಗಳು ಢಿಕ್ಕಿ ಹೊಡೆದಾಗ ಇಬ್ಬರೂ 'ಇಲ್ಲ, ನೀವೇ' ಎಂದು ಮತ್ತೊಂದು ಢಿಕ್ಕಿಗೆ ಸಿದ್ಧರಾಗದೆ ಒಬ್ಬರು ಕೈಸನ್ನೆಯಿಂದ ದಾರಿ ಬಿಡುವುದು. ಎದುರುಬದುರು ಕೂತಾಗ ಗಮನವಿದೆಯೆಂದು ತೋರಿಸಲು ನಾವು ಹಾಕುವ 'ಹ್ಞೂಂ'ಗುಟ್ಟುವಿಕೆ ಇಲ್ಲಿ ಅಡ್ಡಿಯಾಗಬಹುದು. ಏಕೆಂದರೆ ಪ್ರತಿಧ್ವನಿಯನ್ನು ಅಳಿಸಲು ಕೆಲಸ ಮಾಡುವ ತಂತ್ರಾಂಶ, ಇಬ್ಬರ ದನಿ ಒಟ್ಟಿಗೆ ಬಂದಾಗ ಒಂದನ್ನು ಕುಗ್ಗಿಸಿಬಿಡುವುದುಂಟು. ಅಂಥ ಕಡೆ ತಲೆಯಾಡಿಸಿದರೆ ಸಾಕು. ಇಯರ್‌ಫೋನ್ ಹಾಕಿಕೊಂಡರೆ ಈ ತೊಂದರೆಯ ಮುಕ್ಕಾಲು ಭಾಗ ಇಲ್ಲದಾಗುತ್ತದೆ, ಎದುರಿನವರಿಗೆ ತಮ್ಮದೇ ದನಿ ಮರಳಿ ಕೇಳಿಸುವ ಹಿಂಸೆಯೂ ತಪ್ಪುತ್ತದೆ. ಅವರ ಚಿತ್ರ ಸ್ಥಗಿತಗೊಂಡರೆ, ದನಿ ಕಡಿಯುತ್ತಿದ್ದರೆ, ಅದನ್ನು ಕೂಡಲೇ ತಿಳಿಸಬೇಕು. ಬಾಯಿ ಅರ್ಧ ತೆರೆದ ಭಂಗಿಯಲ್ಲಿ ಹೆಪ್ಪುಗಟ್ಟಿದ ಮುಖವನ್ನು ಸ್ಕ್ರೀನ್‌ಶಾಟ್ ತೆಗೆದು ನಗುವುದು ಸ್ನೇಹಿತರ ನಡುವೆ ನಡೆದೀತು, ಇಲ್ಲಿ ನಡೆಯದು. ಯಂತ್ರಗಳು ಕೆಲವೊಮ್ಮೆ ನಮ್ಮ ಪರವಾಗಿ ತಾವೇ ಅಸಭ್ಯವಾಗಿ ವರ್ತಿಸುತ್ತವೆ ಎಂಬುದನ್ನೂ ಹೇಳಬೇಕು: 2023ರಲ್ಲಿ ಆ್ಯಪಲ್ ತನ್ನ ಸಾಧನಗಳಿಗೆ ತಂದ ಸೌಲಭ್ಯವೊಂದರಲ್ಲಿ ಎರಡೂ ಹೆಬ್ಬೆರಳು ಎತ್ತಿದರೆ ಪರದೆಯ ಮೇಲೆ ಪಟಾಕಿ ಸಿಡಿಯುತ್ತದೆ, ಎರಡು ಬೆರಳಿನ ಸನ್ನೆ ಮಾಡಿದರೆ ಬಲೂನುಗಳು ಹಾರುತ್ತವೆ. ಯಾರೋ ಸಾವಿನ ಸುದ್ದಿ ಹೇಳುತ್ತಿರುವಾಗ ಬಲೂನು ಹಾರಿಸುವುದು ಬೇಡವೆಂದಿದ್ದರೆ ಅದನ್ನು ಮೊದಲೇ ನಿಲ್ಲಿಸಿಟ್ಟುಕೊಳ್ಳುವುದು ಲೇಸು.

ನೋಟದ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದದ್ದು. ಪರದೆಯಲ್ಲಿರುವ ಕಣ್ಣುಗಳನ್ನು ನೋಡಿದರೆ ಕ್ಯಾಮೆರಾವನ್ನು ನೋಡಿದಂತಾಗುವುದಿಲ್ಲ, ಕ್ಯಾಮೆರಾವನ್ನು ನೋಡಿದರೆ ಅವರ ಮುಖ ಕಾಣುವುದಿಲ್ಲ. ಇಬ್ಬರ ಕಣ್ಣೂ ನಿಜವಾಗಿ ಸಂಧಿಸುವುದು ಸಾಧ್ಯವೇ ಇಲ್ಲ. ಆದರೂ ಒಂದು ಉಪಾಯವಿದೆ. ಸ್ಟಾನ್‌ಫರ್ಡ್‌ನಲ್ಲಿ ಮಿಲ್ಟನ್ ಚೆನ್ 2002ರಲ್ಲಿ ನಡೆಸಿದ ಪ್ರಯೋಗಗಳು, ನೋಟ ಕ್ಯಾಮೆರಾದಿಂದ ಎಡಕ್ಕೋ ಬಲಕ್ಕೋ ಮೇಲಕ್ಕೋ ಸ್ವಲ್ಪ ಸರಿದರೂ ನೋಡುವವರು ಅದನ್ನು ಗುರುತಿಸಿಬಿಡುತ್ತಾರೆ, ಕೆಳಕ್ಕೆ ಸುಮಾರು 5 ಡಿಗ್ರಿಯವರೆಗೆ ಸರಿದರೆ ಮಾತ್ರ ತಮ್ಮನ್ನೇ ನೋಡುತ್ತಿದ್ದಾರೆಂದು ಭಾವಿಸುತ್ತಾರೆ ಎಂದು ತೋರಿಸಿದವು. ಎಂದರೆ ಎದುರಿನವರ ಚಿತ್ರವಿರುವ ಕಿಟಕಿಯನ್ನು ಕ್ಯಾಮೆರಾದ ನೇರ ಕೆಳಗೆ, ಪರದೆಯ ಮೇಲಂಚಿಗೆ ತಂದಿಟ್ಟುಕೊಂಡರೆ ಸಾಕು, ನೋಟ ನೋಟದಂತೆಯೇ ಕಾಣುತ್ತದೆ. ಇನ್ನೊಂದು ತುದಿಗೆ ಹೋಗಿ ದಿಟ್ಟಿಸುವುದೂ ಬೇಡ: ಲಂಡನ್‌ನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದವರನ್ನು ಒಳಗೊಂಡ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನರಿಗೆ ಹಿತವೆನಿಸಿದ ನೇರ ನೋಟದ ಅವಧಿ ಸರಾಸರಿ 3.3 ಸೆಕೆಂಡ್ ಮಾತ್ರ. ಪರದೆ ತುಂಬುವಷ್ಟು ಹತ್ತಿರ ಬಂದ ಮುಖವೂ ಒಂದು ಬಗೆಯ ಒತ್ತಡವೇ. ಮುಖಾಮುಖಿಯಲ್ಲಿ ಸುಮಾರು 45 ಸೆಂಟಿಮೀಟರ್‌ಗಿಂತ ಕಡಿಮೆ ದೂರವನ್ನು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅತ್ಯಂತ ಆಪ್ತರಿಗಷ್ಟೇ ಮೀಸಲಾದ ವಲಯವೆಂದು ವಿವರಿಸಿದ್ದರು. ಅಷ್ಟು ಸಮೀಪದಿಂದ ಕಾಣುವಷ್ಟು ದೊಡ್ಡದಾದ ಮುಖವನ್ನು ಅಪರಿಚಿತರ ಮುಂದಿಡುವುದು ವಿಡಿಯೊ ದಣಿವಿಗೆ ಒಂದು ಕಾರಣವೆಂದು ಸ್ಟಾನ್‌ಫರ್ಡ್‌ನ ಜೆರೆಮಿ ಬೇಲನ್ಸನ್ 2021ರಲ್ಲಿ ವಾದಿಸಿದರು. ಭುಜ ಮತ್ತು ಕೈಗಳು ಕಾಣುವಷ್ಟು ಹಿಂದೆ ಸರಿದು ಕೂತರೆ ಈ ಒತ್ತಡ ಇಳಿಯುತ್ತದೆ, ಸನ್ನೆಗಳೂ ಕಾಣಿಸುತ್ತವೆ. ನೋಟ ಬೇರೆಡೆ ಹೋಗಲೇಬೇಕಾದಾಗ ಕಾರಣವನ್ನು ಹೇಳಿಬಿಡುವುದು ಒಳ್ಳೆಯದು; 'ಒಂದು ಪದದ ಅರ್ಥ ನೋಡುತ್ತಿದ್ದೇನೆ' ಎಂಬ ನಾಲ್ಕು ಮಾತಿನಿಂದ ಎದುರಿನವರ ಹತ್ತು ಊಹೆಗಳು ನಿಲ್ಲುತ್ತವೆ.

ಬೆಳಕು ಮುಖದ ಮೇಲೆ ಬೀಳುವಂತಿರಲಿ, ಕಿಟಕಿಗೆ ಬೆನ್ನು ಹಾಕಿ ಕೂತರೆ ಕಪ್ಪು ಆಕೃತಿಯಷ್ಟೇ ಕಾಣುತ್ತದೆ. ಇದು ಅಂದಚಂದದ ಮಾತಲ್ಲ, ಸಮಾನತೆಯ ಮಾತು. ಒಬ್ಬರು ಪೂರ್ತಿ ಕಾಣುತ್ತ ಇನ್ನೊಬ್ಬರು ಕತ್ತಲಲ್ಲಿ ಕೂತರೆ ಅಲ್ಲಿ ನಡೆಯುವುದು ಮಾತುಕತೆಯಲ್ಲ, ಗಮನಿಸುವಿಕೆ. ಕ್ಯಾಮೆರಾ ಮುಚ್ಚಿಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಮುಚ್ಚಿಟ್ಟವರು ಅದನ್ನು ಮೊದಲೇ ತಿಳಿಸಿ, ಎದುರಿನವರಿಗೂ ಮುಚ್ಚಿಕೊಳ್ಳುವ ಅವಕಾಶವನ್ನು ಕೊಡಬೇಕು.

ಚೌಕಟ್ಟು ಮರೆಮಾಡುವ ಸಂಗತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಮತ್ತು ಎಲ್ಲಕ್ಕಿಂತ ಕಡಿಮೆ ಚರ್ಚೆಗೆ ಬರುವುದು, ಕೋಣೆಯಲ್ಲಿರುವ ಇತರರು. ಕ್ಯಾಮೆರಾದ ಮುಂದೆ ಒಬ್ಬರು, ಅದರ ಅಂಚಿನಾಚೆ ಮೂವರು ನಗು ತಡೆದುಕೊಂಡು ಕೂತಿರುವ ದೃಶ್ಯ ಈ ತಾಣಗಳಲ್ಲಿ ತೀರ ಸಾಮಾನ್ಯ. ಒಬ್ಬರೇ ಕೇಳುತ್ತಿದ್ದಾರೆಂದು ನಂಬಿ ಆಡಿದ ಮಾತು ಒಂದು ಗುಂಪಿಗೆ ಕೇಳಿಸಿತೆಂದು ತಿಳಿದಾಗ ಆಗುವ ಅವಮಾನಕ್ಕೆ, ಆ ಮಾತಿನಲ್ಲಿ ಗುಟ್ಟೇನೂ ಇಲ್ಲದಿದ್ದರೂ, ಕಾರಣವಿದೆ: ಯಾರಿಗೆ ಏನು ಹೇಳಬೇಕೆಂದು ಆಯ್ದುಕೊಳ್ಳುವ ಅವಕಾಶವನ್ನೇ ಅವರಿಂದ ಕಸಿದಂತಾಯಿತು. ಜೊತೆಯಲ್ಲಿ ಯಾರಾದರೂ ಇದ್ದರೆ ಆರಂಭದಲ್ಲೇ ಹೇಳಬೇಕು, ಸಾಧ್ಯವಾದರೆ ಅವರೂ ಚೌಕಟ್ಟಿನೊಳಗೆ ಬರಬೇಕು, ನಡುವೆ ಯಾರಾದರೂ ಬಂದರೆ ಅದನ್ನೂ ತಿಳಿಸಬೇಕು. ಇದೇ ನಿಯಮ ಹಿಮ್ಮುಖವಾಗಿಯೂ ಅನ್ವಯಿಸುತ್ತದೆ. ನಮ್ಮ ಹಿಂದೆ ಓಡಾಡುವ ಮನೆಯವರು, ಆಡುವ ಮಕ್ಕಳು, ಸಾರ್ವಜನಿಕ ಸ್ಥಳದಲ್ಲಿ ಕೂತವರು ಯಾರೋ ಅಪರಿಚಿತರಿಗೆ ಕಾಣಿಸಿಕೊಳ್ಳಲು ಒಪ್ಪಿದವರಲ್ಲ.

ಮಾತು ಶುರು ಮಾಡುವುದು ಹೇಗೆಂಬ ಪ್ರಶ್ನೆಗೆ ಬಹಳ ಸಲಹೆಗಳು ಚಲಾವಣೆಯಲ್ಲಿವೆ, ಬಹುಪಾಲು ಅನಗತ್ಯ. ನಮಸ್ಕಾರ ಹೇಳಿ, ಯಾವ ಭಾಷೆ ಅನುಕೂಲವೆಂದು ಕೇಳಿದರೆ ಆರಂಭ ಆದಂತೆಯೇ. ಮೊದಲ ಪ್ರಶ್ನೆಗಳು ಉತ್ತರಿಸುವವರಿಗೆ ಎಷ್ಟು ಬೇಕೋ ಅಷ್ಟೇ ಹೇಳುವ ಸ್ವಾತಂತ್ರ್ಯ ಕೊಡುವಂತಿರಬೇಕು ಎಂಬುದೊಂದೇ ಇಲ್ಲಿ ಮುಖ್ಯ. 'ನೀವು ಎಲ್ಲಿಯವರು' ಎಂಬ ಪ್ರಶ್ನೆ ಸಹಜವಾಗಿ ಬಾಯಿಗೆ ಬರುತ್ತದಾದರೂ ಅದಕ್ಕೆ ಉತ್ತರಿಸದಿರುವುದು ಕಷ್ಟ. 'ನಿಮ್ಮಲ್ಲಿ ಈಗ ಹಗಲೋ ರಾತ್ರಿಯೋ' ಎಂದು ಕೇಳಿದರೆ, ಹೇಳಬಯಸುವವರು ಊರನ್ನೇ ಹೇಳುತ್ತಾರೆ, ಬಯಸದವರು 'ರಾತ್ರಿ' ಎಂದು ಮುಗಿಸುತ್ತಾರೆ. ವಯಸ್ಸು, ಮದುವೆ, ಧರ್ಮ, ಸಂಪಾದನೆ ಇವೆಲ್ಲ ಅವರಾಗಿ ಎತ್ತಿದರೆ ಮಾತ್ರ. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜನ ಹೆಚ್ಚು ಮೆಚ್ಚುವುದು ಪ್ರಶ್ನೆ ಕೇಳುವವರನ್ನು, ಅದರಲ್ಲೂ ಈಗಷ್ಟೇ ಹೇಳಿದ್ದರ ಎಳೆ ಹಿಡಿದು ಮುಂದಿನದನ್ನು ಕೇಳುವವರನ್ನು; ಅಂಥ ಪ್ರಶ್ನೆ ಕೇಳಿಸಿಕೊಂಡದ್ದಕ್ಕೆ ಸಾಕ್ಷಿಯಾಗಿರುತ್ತದೆ. ಆದರೆ ಪ್ರಶ್ನೆಗಳೆಲ್ಲ ಒಬ್ಬರವೇ, ಉತ್ತರಗಳೆಲ್ಲ ಇನ್ನೊಬ್ಬರವೇ ಆದರೆ ಅದು ವಿಚಾರಣೆ. ಕೇಳಿದಷ್ಟೇ ತಮ್ಮದನ್ನೂ ಹೇಳಬೇಕಾಗುತ್ತದೆ.

ರೂಪದ ಬಗ್ಗೆ ಏನನ್ನೂ ಹೇಳದಿರುವುದು, ಹೊಗಳಿಕೆಯನ್ನೂ ಸೇರಿಸಿ, ನನ್ನ ದೃಷ್ಟಿಯಲ್ಲಿ ಉತ್ತಮ. ಮುಖವೊಂದೇ ಗೊತ್ತಿರುವಲ್ಲಿ ಮುಖದ ಹೊಗಳಿಕೆ 'ನಿಮ್ಮನ್ನು ನಾನು ನೋಡುತ್ತಿರುವುದು ಇದಕ್ಕಾಗಿಯೇ' ಎಂದು ಹೇಳಿದಂತೆ ಕೇಳಿಸುತ್ತದೆ. ಹಿನ್ನೆಲೆಯಲ್ಲಿ ಕಾಣುವ ವಸ್ತುಗಳ ಬಗ್ಗೆ ಮಾತಾಡುವುದು ಸುರಕ್ಷಿತವೆಂಬ ಸಲಹೆಯೂ ಅರ್ಧ ಮಾತ್ರ ಸರಿ. ಗೋಡೆಗೆ ತೂಗುಹಾಕಿದ ಗಿಟಾರ್, ಸಾಲಾಗಿಟ್ಟ ಪುಸ್ತಕಗಳು ತೋರಿಸಲೆಂದೇ ಇಟ್ಟವು. ಮೂಲೆಯ ಔಷಧಿಯ ಬಾಟಲಿ, ಮಡಚದ ಹಾಸಿಗೆ, ಮೇಜಿನ ಮೇಲಿನ ಕಾಗದಗಳು ಗೊತ್ತಿಲ್ಲದೆ ಚೌಕಟ್ಟಿಗೆ ಬಿದ್ದವು. ಮೊದಲನೆಯವು ಮಾತಿಗೆ ಆಹ್ವಾನ, ಎರಡನೆಯವನ್ನು ಕಂಡೂ ಕಾಣದಂತೆ ಇರಬೇಕು. ಗುಟ್ಟೇನಾದರೂ ಹೊರಬೀಳುತ್ತಿದ್ದರೆ, ವಿಳಾಸವಿರುವ ಲಕೋಟೆ ಕಾಣುತ್ತಿದೆ ಎಂದಿಟ್ಟುಕೊಳ್ಳಿ, ಅದನ್ನು ಸರಿಸುವಂತೆ ಮೆಲ್ಲಗೆ ಹೇಳಿದರೆ ಅದು ಉಪಕಾರ. ಉಚ್ಚಾರಣೆಯ ಶೈಲಿಯನ್ನು ಅಣಕಿಸುವುದು, ಮುಖ ನೋಡಿ ಮಣೆ ಹಾಕುವುದು, ಅರ್ಥವಾಗದವರಿಗೆ ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುವುದು, ಈ ಮೂರೂ ಎಷ್ಟು ಸಾಮಾನ್ಯವೋ ಅಷ್ಟೇ ಸುಲಭವಾಗಿ ಬಿಡಬಹುದಾದವು.

ರೆಕಾರ್ಡಿಂಗ್‌ನ ವಿಷಯದಲ್ಲಿ ಮೃದುವಾಗಿ ಮಾತಾಡಲು ಕಾರಣವಿಲ್ಲ. ಪರದೆಯನ್ನು ಸೆರೆಹಿಡಿಯುವ ತಂತ್ರಾಂಶ ಓಡುತ್ತಿದೆಯೆಂದು ಎದುರಿನವರಿಗೆ ತಿಳಿಯುವ ದಾರಿಯೇ ಇಲ್ಲ. ನೇರಪ್ರಸಾರದಲ್ಲಿ ಸಾವಿರಾರು ಜನ ನೋಡುತ್ತಿದ್ದರೂ ಅವರಿಗೆ ಕಾಣುವುದು ಒಬ್ಬರ ಮುಖ ಮಾತ್ರ. ಅನುಮತಿಯನ್ನು ಮೊದಲೇ ಕೇಳಬೇಕು, ಕೊನೆಯಲ್ಲಲ್ಲ. ಯಾವುದಕ್ಕಾಗಿ, ಎಲ್ಲಿ ಹಾಕುವುದಕ್ಕಾಗಿ ಎಂಬುದನ್ನೂ ಸೇರಿಸಿ ಕೇಳಬೇಕು. ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಕೆಲವು ಕಡೆಯ ಕಾನೂನು ಮಾತಿನಲ್ಲಿ ಪಾಲ್ಗೊಂಡ ಒಬ್ಬರ ಒಪ್ಪಿಗೆ ಸಾಕೆನ್ನುತ್ತದೆ, ಕೆಲವು ಕಡೆ ಎಲ್ಲರ ಒಪ್ಪಿಗೆ ಬೇಕು. ಸಭ್ಯತೆ ಮಾತ್ರ ಎಲ್ಲೆಡೆಯೂ ಎರಡನೆಯದನ್ನೇ ಕೇಳುತ್ತದೆ. ಅಪರಿಚಿತರನ್ನು ಬೆಚ್ಚಿಬೀಳಿಸಿ ಆ ಮುಖಭಾವವನ್ನು ಪ್ರಸಾರ ಮಾಡುವುದೇ ಒಂದು ಮನರಂಜನೆಯ ಪ್ರಕಾರವಾಗಿ ಬೆಳೆದಿದೆ. ಅದರಲ್ಲೊಂದು ಬಗೆ ಎದುರಿನವರ ಊರಿನ ಹೆಸರನ್ನು ಥಟ್ಟನೆ ಹೇಳಿ ಹೆದರಿಸುವುದು. ಇದರ ಹಿಂದೆ ಮಾಂತ್ರಿಕತೆಯೇನಿಲ್ಲ: ಬ್ರೌಸರ್‌ಗಳ ವಿಡಿಯೊ ಕರೆಗೆ ಬಳಕೆಯಾಗುವ ವೆಬ್‌ಆರ್‌ಟಿಸಿ ತಂತ್ರಜ್ಞಾನ ಎರಡು ಸಾಧನಗಳನ್ನು ನೇರವಾಗಿ ಜೋಡಿಸಿದಾಗ ಒಬ್ಬರ ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಇನ್ನೊಬ್ಬರಿಗೆ ಸಿಗಬಹುದು, ಅದರಿಂದ ಪ್ರದೇಶದ ಅಂದಾಜು ಸಿಗುತ್ತದೆ. ತಾಂತ್ರಿಕವಾಗಿ ಸುಲಭವಾದ ಈ ಚಮತ್ಕಾರವನ್ನು ಎದುರಿಸುವವರಿಗೆ, ಅದರಲ್ಲೂ ಒಬ್ಬರೇ ಇರುವವರಿಗೆ, ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ.

ಒಪ್ಪಿಗೆಯಿಲ್ಲದೆ ಲೈಂಗಿಕ ಮಾತನ್ನೋ ದೃಶ್ಯವನ್ನೋ ಎದುರಿನವರ ಮುಂದಿಡುವುದು ಶಿಷ್ಟಾಚಾರದ ಚರ್ಚೆಗೆ ಸೇರಿದ್ದಲ್ಲ, ಅದು ಹಲವೆಡೆ ಅಪರಾಧ. ಎದುರಿಗಿರುವುದು ಮಗುವೆಂದು ಅನುಮಾನ ಬಂದರೂ ಸಾಕು, ವಯಸ್ಕರು ಕರೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಇದಕ್ಕೆ ಹೊಂದಿಕೊಂಡ ಒಂದು ಸೂಕ್ಷ್ಮವನ್ನು ಮಾತ್ರ ಸ್ವಲ್ಪ ವಿವರಿಸಬೇಕು. ಸುಲಿಗೆಕೋರರ ವರ್ತನೆಗೆ ಒಂದು ಗೊತ್ತಾದ ಕ್ರಮವಿದೆ: ಅತಿ ಬೇಗ ಆಪ್ತತೆ, ಬೇರೆ ಆ್ಯಪ್‌ಗೆ ಬರುವಂತೆ ಒತ್ತಾಯ, ಬಟ್ಟೆ ತೆಗೆಯುವಂತೆ ಪ್ರಚೋದನೆ, ಗುಟ್ಟಾಗಿ ರೆಕಾರ್ಡಿಂಗ್, ಆಮೇಲೆ ಪರಿಚಿತರಿಗೆಲ್ಲ ಕಳಿಸುವ ಬೆದರಿಕೆ. ಅವರು ತೋರಿಸುವ ಮುಖ ಮೊದಲೇ ಚಿತ್ರಿಸಿಟ್ಟ ವಿಡಿಯೊ ಆಗಿರಬಹುದು, ಅಥವಾ ಮುಖ ಬದಲಿಸುವ ತಂತ್ರಾಂಶದ ಸೃಷ್ಟಿಯೂ ಆಗಿರಬಹುದು. ಈ ಕ್ರಮ ಈಗ ಬಹಳ ಜನಕ್ಕೆ ತಿಳಿದಿರುವುದರಿಂದ, ಶುದ್ಧ ಉದ್ದೇಶದವರೂ ಮೊದಲ ಭೇಟಿಯಲ್ಲೇ ಫೋನ್ ನಂಬರ್ ಕೇಳಿದರೆ, ಬೇರೆ ಆ್ಯಪ್‌ಗೆ ಕರೆದರೆ, ಎದುರಿನವರ ಎದೆ ಝಲ್ಲೆನ್ನುತ್ತದೆ. ಮೋಸಗಾರನ ನಡಿಗೆಯನ್ನು ಪ್ರಾಮಾಣಿಕರು ಅನುಕರಿಸದಿರುವುದೂ ಸೌಜನ್ಯದ ಭಾಗವೇ. ಬಲೆಗೆ ಬಿದ್ದವರಿಗೆ ಹೇಳಬೇಕಾದದ್ದು ಇಷ್ಟು: ಹಣ ಕೊಡಬಾರದು, ಸಂಪರ್ಕ ಕಡಿಯಬೇಕು, ಸಂದೇಶಗಳನ್ನು ಪುರಾವೆಯಾಗಿ ಉಳಿಸಿಕೊಂಡು ದೂರು ಕೊಡಬೇಕು. 2021ರಲ್ಲಿ ಆರಂಭವಾದ ಸ್ಟಾಪ್‌ಎನ್‌ಸಿಐಐ ಎಂಬ ಸೇವೆ, ಚಿತ್ರವನ್ನು ಸಾಧನದಿಂದ ಹೊರಗೆ ಕಳಿಸದೆಯೇ ಅದರ ಡಿಜಿಟಲ್ ಗುರುತನ್ನಷ್ಟೇ ಪಡೆದು, ಜೊತೆಗೂಡಿರುವ ಜಾಲತಾಣಗಳಲ್ಲಿ ಆ ಚಿತ್ರ ಹರಡದಂತೆ ತಡೆಯಲು ನೆರವಾಗುತ್ತದೆ. 18 ವರ್ಷಕ್ಕಿಂತ ಚಿಕ್ಕವರಿದ್ದಾಗ ತೆಗೆದ ಚಿತ್ರಗಳಿಗಾಗಿ 2023ರಿಂದ ಟೇಕ್ ಇಟ್ ಡೌನ್ ಎಂಬ ಪ್ರತ್ಯೇಕ ಸೇವೆಯಿದೆ.

ಕೊನೆಯದಾಗಿ ಹೊರಡುವ ಮಾತು. ಇದರ ಬಗ್ಗೆ ಜನರಿಗೆ ಅನಗತ್ಯ ಪಾಪಪ್ರಜ್ಞೆಯೂ ಇದೆ, ಅನಗತ್ಯ ಒರಟುತನವೂ ಇದೆ. ಮಾತುಕತೆಗಳು ಸರಿಯಾದ ಹೊತ್ತಿಗೆ ಮುಗಿಯುವುದೇ ಅಪರೂಪ. ಹಾರ್ವರ್ಡ್‌ನ ಆಡಮ್ ಮಾಸ್ಟ್ರೊಯಾನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರೂ ಬಯಸಿದ ಕ್ಷಣದಲ್ಲಿ ಮುಗಿದ ಸಂಭಾಷಣೆಗಳು ಶೇಕಡಾ 2ರಷ್ಟು ಮಾತ್ರ. ಎದುರಿನವರಿಗೆ ಯಾವಾಗ ಸಾಕೆನಿಸಿತೆಂಬುದು ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಇಬ್ಬರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅದನ್ನು ಬಚ್ಚಿಡುತ್ತಾರೆ. ಅಪರಿಚಿತರ ವಿಡಿಯೊ ಚಾಟ್‌ನಲ್ಲಿರುವ ಮುಂದಕ್ಕೆ ಹೋಗುವ ಗುಂಡಿ ಈ ಕಗ್ಗಂಟನ್ನು ಒಂದೇ ಏಟಿಗೆ ಕಡಿಯುತ್ತದೆ. ಅದನ್ನು ಮಾಧ್ಯಮದ ದೋಷವೆಂದು ದೂರುವವರ ಜೊತೆ ನನಗೆ ಸಹಮತವಿಲ್ಲ. ಮೊದಲ ಕೆಲವು ಸೆಕೆಂಡುಗಳಲ್ಲಿ ಮಾತಿಲ್ಲದೆ ಮುಂದೆ ಹೋಗುವುದು ಇಲ್ಲಿನ ಒಪ್ಪಿತ ರೂಢಿ, ಅದರಲ್ಲಿ ಅವಮಾನವಿಲ್ಲ. ಆದರೆ ಒಂದು ಮಾತು ಸರಿಯಾಗಿ ಶುರುವಾಗಿದ್ದರೆ, ಹೆಸರುಗಳು ವಿನಿಮಯವಾಗಿದ್ದರೆ, ಯಾರಾದರೂ ಒಂದು ಅನುಭವವನ್ನು ಹೇಳಲು ತೊಡಗಿದ್ದರೆ, ಆಮೇಲೆ ನಡುವೆ ಕಡಿದುಹೋಗುವುದು ಬೇರೆಯೇ ಸಂಗತಿ. ಏಕೆಂದರೆ ಉಳಿದವರಿಗೆ ಜಾಲ ಕೈಕೊಟ್ಟಿತೋ ತಮ್ಮ ಮಾತೇ ಬೇಸರ ತಂದಿತೋ ತಿಳಿಯುವುದೇ ಇಲ್ಲ. 'ನಾನಿನ್ನು ಹೊರಡುತ್ತೇನೆ, ಮಾತಾಡಿದ್ದು ಹಿತವಾಯಿತು' ಎಂದು ಹೇಳಿ, ಅವರು ಪ್ರತಿಯಾಗಿ ಒಂದು ಮಾತು ಹೇಳುವವರೆಗೆ ಕಾದು ಹೊರಟರೆ ಸಾಕು. ಯಾರೋ ಬಾಗಿಲು ತಟ್ಟಿದರೆಂಬ ಸುಳ್ಳು ಬೇಕಿಲ್ಲ. ಅಸಭ್ಯವಾಗಿ ನಡೆದುಕೊಂಡವರಿಗೆ ಈ ಸೌಜನ್ಯದ ಋಣವೇನೂ ಇಲ್ಲ. ಅಲ್ಲಿ ವಾದಕ್ಕಿಳಿಯದೆ ಕರೆ ಕಡಿದು ಬ್ಲಾಕ್ ಮಾಡಿ, ರಿಪೋರ್ಟ್ ಗುಂಡಿಯಿದ್ದರೆ ಬೈಗುಳವಿಲ್ಲದೆ ನಡೆದದ್ದನ್ನಷ್ಟೇ ಬರೆಯುವುದು ಮುಂದಿನವರಿಗೆ ಉಪಕಾರ.

ಮತ್ತೆ ಮಾತಾಡುವ ಆಸೆಯಿದ್ದರೆ ಒಮ್ಮೆ ಕೇಳಬಹುದು, ಬೇಡವೆನ್ನಲು ಸುಲಭವಾಗುವಂತೆ ಕೇಳಬಹುದು, ಎರಡನೆಯ ಬಾರಿ ಕೇಳಬಾರದು. ತಮ್ಮನ್ನು ಬಿಟ್ಟುಹೋದವರ ಬಗ್ಗೆ ಹೆಚ್ಚು ಯೋಚಿಸುವುದೂ ಬೇಡ: ಅಪರಿಚಿತರೊಡನೆ ಮಾತಾಡಿದ ಮೇಲೆ, ಎದುರಿನವರು ತಮ್ಮನ್ನು ನಿಜಕ್ಕೂ ಎಷ್ಟು ಮೆಚ್ಚಿದರೋ ಅದಕ್ಕಿಂತ ಕಡಿಮೆ ಮೆಚ್ಚಿದರೆಂದೇ ಜನ ನಂಬುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್ಬಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದ್ದಾರೆ. ಕರೆ ಮುಗಿದ ನಂತರ ಅವರ ಬಗ್ಗೆ ಏನಾದರೂ ಹೇಳುವುದಿದ್ದರೆ, ಕರೆ ನಿಜವಾಗಿಯೂ ಮುಗಿದಿದೆಯೇ, ಮೈಕ್ ಇನ್ನೂ ತೆರೆದಿಲ್ಲವಷ್ಟೇ ಎಂದು ಮೊದಲು ನೋಡಿಕೊಳ್ಳಬೇಕು. ಅವರು ಹೇಳಿದ ಕತೆಯನ್ನು ಮುಂದೆ ಬೇರೆಯವರಿಗೆ ಹೇಳುವಾಗ, ಕೇಳಿದವರು ಅವರನ್ನು ಗುರುತಿಸಬಹುದಾದ ಊರು, ಉದ್ಯೋಗ, ಮುಖದ ವಿವರಗಳನ್ನು ಬಿಟ್ಟು ಹೇಳಬೇಕು.